ಉಪ್ಪಿನ ಡಬ್ಬಿಯ ನಾಡು

ಪ್ರೀತಿಯ ಅಣ್ಣ,

ಅಪ್ಪನ ಪುಸ್ತಕದ ಬೀರುವಿನ ಬೀಗ ಕೆಟ್ಟಿದೆ. ಬೀದಿ ಕೊನೆಯ ಅಂಗಡಿಯವನನ್ನು ಕರೆಸೋಣವೆಂದರೆ ಅಪ್ಪ ಸುತರಾಂ ಒಪ್ಪುತ್ತಿಲ್ಲ. ಬೀಗ ರಿಪೇರಿ ನಿನ್ನ ಕಸುಬು, ಅದಕ್ಕೇ ಬರೆಯುತ್ತಿದ್ದೇನೆ.

ಊಟದ ಮೇಜಿನ ಮೇಲೆ ಅಪ್ಪ ಚರಿತ್ರೆ ಪಾಠ ಮಾಡುತ್ತಿದ್ದದ್ದು ನೆನಪಿದೆಯಾ? ಸೋತು ಅವಮಾನಗೊಂಡ ನಾಡುಗಳೆಲ್ಲ ನಮ್ಮ ತಟ್ಟೆಗಳ ನಡುವೆ ಬಂದು ನಿಲ್ಲುತ್ತಿದ್ದವು. ನೀರಿನ ಲೋಟ, ಗೆದ್ದವರ ವಿದ್ಯೆಯನ್ನೇ ಕಲಿತು ತಲೆಯೆತ್ತಿದ ನಾಡು. ಚಮಚ, ತನ್ನ ಸೋಲನ್ನೇ ಹಾಡಾಗಿ ಕಟ್ಟಿ ತಲೆಮಾರುಗಟ್ಟಲೆ ಹಾಡಿಕೊಂಡ ನಾಡು. ಉಪ್ಪಿನ ಡಬ್ಬಿ, ಬಂದರುಗಳನ್ನೆಲ್ಲ ಮುಚ್ಚಿ ಯಾರೊಂದಿಗೂ ಮಾತಾಡದೆ ಕೂತ ನಾಡು. ನೀನು ಯಾವಾಗಲೂ ಡಬ್ಬಿಯ ಪರ. ಅಮ್ಮ ಮಾತ್ರ, "ಆ ನಾಡನ್ನ ಸ್ವಲ್ಪ ಈ ಕಡೆ ತಳ್ಳಿ, ಊಟ ಸಪ್ಪೆಯಾಗಿದೆ" ಎನ್ನುತ್ತಿದ್ದಳು.

ಆಮೇಲೊಂದು ದಿನ ಅಪ್ಪ ತಮ್ಮ ತರಗತಿಯಲ್ಲೇ ನಿನ್ನನ್ನು ಬೆಂಚಿನ ಮೇಲೆ ನಿಲ್ಲಿಸಿ, "ಇವನು ನನ್ನ ಮಗ ಅಂತ ಹೇಳೋಕೆ ನಾಚಿಕೆಯಾಗುತ್ತೆ" ಎಂದರು. ನೀನು ಮತ್ತೆ ಆ ಮೇಜಿಗೆ ಬರಲಿಲ್ಲ. ಕೆಲಸ ಕಲಿತ ಮೇಲೆ ಮನೆಗೂ ಬರಲಿಲ್ಲ.

ನಿನ್ನೆ ಊಟಕ್ಕೆ ಕೂತ ಅಪ್ಪ ಉಪ್ಪಿನ ಡಬ್ಬಿಯನ್ನು ಕೈಗೆತ್ತಿಕೊಂಡರು. "ಸೋತವರು ಏನು ಮಾಡಿದ್ರು ಅಂತ ಇಷ್ಟು ವರ್ಷ ಪಾಠ ಮಾಡ್ದೆ. ಗೆದ್ದವರು ಆಮೇಲೆ ಏನು ಮಾಡಬೇಕಿತ್ತು ಅಂತ ಒಂದಿನಾನೂ ಹೇಳಲಿಲ್ಲ" ಎಂದರು.

ಅವರೇ ನಿನಗೆ ಬರೆಯಬಹುದಿತ್ತು. ಗೆದ್ದವರಿಗೆ ಅಭ್ಯಾಸವಿಲ್ಲ, ನೋಡು.

ಬರುವಾಗ ನಿನ್ನ ಸಲಕರಣೆಗಳನ್ನು ತಾ. ಬೇರೆ ಯಾವುದೋ ಕೀಲಿಕೈ ತುರುಕಿ ಆ ಬೀಗ ಕೆಡಿಸಿದ್ದು ಅಪ್ಪನೇ. ನಾನು ನೋಡಲಿಲ್ಲ ಅಂದುಕೊಂಡಿದ್ದಾರೆ.

ನಿನ್ನ ದಾರಿ ನೋಡುವ
ತಂಗಿ