ಓಪಲ್‌ಗೆ ಸಿಕ್ಕ ಮಧ್ಯಾಹ್ನ

ಅಮ್ಮಾ,

ನೀನು ತೀರಿಹೋದಮೇಲೆ, ಕಾಯಿಲೆಯವರನ್ನು ನೋಡಿಕೊಳ್ಳುವ ಮನೆಮಂದಿಗೆ ಬಿಡುವು ಕೊಡಿಸೋಕೆ ನಾನೊಂದು ಸಂಸ್ಥೆ ಕಟ್ಟಿದೆ. ಬಡವರ ಚಿಕಿತ್ಸೆಗೆ ಹಣ ಕೊಡುವ ಸರ್ಕಾರದ ಮೆಡಿಕೇಡ್‌ನವರು ಇದರ ಖರ್ಚಿಗೂ ಕೊನೆಗೂ ಒಪ್ಪಿಗೆ ಕೊಟ್ಟರು. ಇವತ್ತು ಮೊದಲ ಮನೆ. ಪಾರ್ಶ್ವವಾಯು ಹೊಡೆದ ಡೆಲ್ಬರ್ಟ್ ಪಕ್ಕದಲ್ಲಿ ನಾನು ಕೂತರೂ ಅವರ ಹೆಂಡತಿ ಓಪಲ್ ಬಾಗಿಲು ಬಿಟ್ಟು ಕದಲಲಿಲ್ಲ.

"ಎಲ್ಲಿಗೆ ಹೋಗ್ತೀನಂತ ಸರ್ಕಾರಕ್ಕೆ ಹೇಳಬೇಕೇನಮ್ಮ?"

"ಬೇಡ ಓಪಲ್. ನೀವು ದಣಿವಾರಿಸಿಕೊಂಡ್ರೆ ಸಾಕು."

"ಹೋಗೇ ಮಾರಾಯ್ತಿ," ಡೆಲ್ಬರ್ಟ್ ತೊದಲಿದರು, "ನನಗೂ ನಿನ್ನಿಂದ ಬಿಡುವು ಬೇಕು!"

ಸಂಜೆ ಓಪಲ್ ಒದ್ದೆ ಕೂದಲಲ್ಲಿ ನಗ್ತಾ ಬಂದರು. ಊರಿನ ಈಜುಕೊಳಕ್ಕೆ ಹೋಗಿದ್ದರಂತೆ.

"ಮದುವೆಗೆ ಮುಂಚೆ ಇವಳನ್ನ ನೀರಿಂದ ಎಳೆದು ತರಬೇಕಿತ್ತು," ಅಂದರು ಡೆಲ್ಬರ್ಟ್, ಆ ಕೂದಲು ಸವರುತ್ತಾ.

ಅಪ್ಪನ ಹಾಸಿಗೆ ಪಕ್ಕದಿಂದ ನಿನಗೂ ಇಂಥದೊಂದು ಮಧ್ಯಾಹ್ನ ಸಿಕ್ಕಿದ್ದರೆ ನೀನು ಎಲ್ಲಿಗೆ ಹೋಗ್ತಿದ್ದೆ ಅಂತ ಮನೆಗೆ ಬರೋ ದಾರಿಯುದ್ದಕ್ಕೂ ಯೋಚಿಸಿದೆ. ನಿನಗೆ ಇಷ್ಟವಾದ ಒಂದು ಜಾಗವೂ ನನಗೆ ಹೊಳೆಯಲಿಲ್ಲ, ಅಮ್ಮಾ.

ನಿನ್ನ ರೊವೀನಾ