ನೀರಿನಲ್ಲಿ ಕರೆದ ಹೆಸರು

ಕುಶಲ್,

ಇದನ್ನು ಎಲ್ಲಿಗೆ ಕಳಿಸಬೇಕೋ ಗೊತ್ತಿಲ್ಲ, ಆದರೂ ಬರೀತಿದ್ದೀನಿ.

ಬೆಳಿಗ್ಗೆ ಇಲ್ಲಿನ ಹಾಫ್ ಮೂನ್ ಬೇ ಕೊಲ್ಲಿಗೆ ನನ್ನ ಪುಟ್ಟ ದೋಣಿ, ಆ ಕಯಾಕ್ ತಗೊಂಡು ಹೋಗಿದ್ದೆ. ಗಂಡನನ್ನು ನುಂಗಿದ ಸಮುದ್ರಕ್ಕೇ ಯಾಕೆ ಹೋಗ್ತೀಯ ಅಂತ ಅಮ್ಮ ಫೋನಲ್ಲಿ ಈಗಲೂ ಬೈತಾಳೆ.

ಅಲೆಗಳು ಒಡೆಯುವ ಜಾಗದಿಂದಾಚೆ ಒಬ್ಬ ಮುದುಕ ಮಗುಚಿದ ಕಯಾಕನ್ನು ತಬ್ಬಿಕೊಂಡು ತೇಲುತ್ತಿದ್ದ. ತುಟಿ ನೀಲಿಯಾಗಿತ್ತು, ಚಳಿಗೆ ನಡುಗುವುದೂ ನಿಂತುಹೋಗಿತ್ತು. ಹೇಗೋ ಎಳೆದು ನನ್ನ ಕಯಾಕಿನ ಹಿಂಭಾಗದ ಮೇಲೆ ಬೋರಲು ಮಲಗಿಸಿದೆ. ನಿದ್ದೆಗೆ ಜಾರದಿರಲಿ ಅಂತ ಮಾತಾಡಿಸುತ್ತಲೇ ದಡದ ಕಡೆ ಹುಟ್ಟು ಹಾಕಿದೆ.

"ಮಾರ್ಥಾ, ನನ್ನ ಮೇಲೆ ಕೋಪಾನಾ?" ಅಂದ. ನನ್ನನ್ನು ಹೆಂಡತಿ ಅಂದುಕೊಂಡಿದ್ದ.

"ಇಲ್ಲ ಕಣೋ, ಮನೆಗೆ ಬಾ," ಅಂದೆ. ಕನ್ನಡದಲ್ಲೇ ಅಂದುಬಿಟ್ಟಿದ್ದೆ.

ದಡದ ಹತ್ತಿರ ದೊಡ್ಡ ಅಲೆಯೊಂದು ಇಬ್ಬರನ್ನೂ ನೀರಿಗೆ ಕೆಡವಿತು. ಅವನ ಲೈಫ್ ಜಾಕೆಟನ್ನು ಬಿಡದೆ ಹಿಡಿದು ಮರಳಿಗೆ ಎಳೆದುಕೊಂಡು ಬಂದೆ. ಬದುಕಿದ್ದಾನೆ.

ಆಸ್ಪತ್ರೆಯಲ್ಲಿ ಮಾರ್ಥಾ ನನ್ನ ಕೈ ಹಿಡಿದುಕೊಂಡು, "ನೀರಲ್ಲಿ ಏನಾದರೂ ಹೇಳಿದರಾ?" ಅಂತ ಕೇಳಿದರು.

"ನಿಮ್ಮ ಹೆಸರು ಹಿಡಿದು ಕರೆದರು. ನಿಮಗೆ ಅವರ ಮೇಲೆ ಕೋಪಾನಾ ಅಂತ ಕೇಳಿದರು," ಅಂದೆ. ಅವರು ಅಳುತ್ತಲೇ ನಕ್ಕರು.

ನೀನು ಆ ನೀರಲ್ಲಿ ಯಾರನ್ನು ಕರೆದೆ, ಏನು ಕೇಳಿದೆ ಅಂತ ಬಂದು ಹೇಳುವವರು ನನಗೆ ಯಾರೂ ಇರಲಿಲ್ಲ.

ಹಂಸಾ