ಹಲಗೆ ಮೇಲಿನ ನೀಲಿ

ಅಪ್ಪ,

ಇದು ನಿಂಗೆ ತಲುಪಲ್ಲ. ಆದ್ರೂ ಆಸ್ಪತ್ರೆ ಬೆಂಚಿನ ಮೇಲೆ ಕೂತು ಬರೀತಿದ್ದೀನಿ.

ಮಧ್ಯಾಹ್ನ ನಿನ್ನ ಜೊತೆಗಾರ ಮೀಸೆ ಮಾವ ನಮ್ಮ ಬಣ್ಣದ ಕಾರ್ಖಾನೆ ಶೌಚಾಲಯದಿಂದ ನಗ್ತಾ ಬಂದ. "ಕೆಂಪು ಬಣ್ಣ ನನ್ನ ಹೊಟ್ಟೆಗೂ ಇಳೀತು ನೋಡ್ರೋ" ಅಂದ. ಎಲ್ಲರೂ ನಕ್ಕರು. ಬಣ್ಣದ ಪುಡಿ ಕಲಸೋರ ಉಚ್ಚೆಗೂ ಬಣ್ಣ ಬರೋದು ನಮ್ಮಲ್ಲಿ ಹಳೇ ತಮಾಷೆ. ನೀನೂ ಮನೆಗೆ ಬಂದು "ಇವತ್ತು ಹಳದಿ" ಅಂತ ನಮ್ಮನ್ನ ನಗಿಸ್ತಿದ್ದೆ.

ನಾನು ಹಲಗೆ ನೋಡ್ದೆ. ಯಾವ ದಿನ ಯಾವ ಬಣ್ಣ ಕಲಸಿದ್ರು ಅಂತ ಅದರ ಮೇಲೆ ಬರೆಯೋದು ಇನ್ನೂ ನನ್ನ ಕೆಲಸವೇ. ಹದಿನೈದು ದಿನದಿಂದ ಬರೀ ನೀಲಿ. ಕೆಂಪು ಪುಡಿಯ ಡಬ್ಬ ಯಾರೂ ತೆಗೆದೇ ಇಲ್ಲ.

"ಇದು ಬಣ್ಣ ಅಲ್ಲ ಮಾವ, ರಕ್ತ" ಅಂದೆ. "ನೋವಿಲ್ಲ ಕಣೇ, ಬಿಡು" ಅಂತ ಗೊಣಗಿದ. ನೀನೂ ಹಾಗೇ ಅಂದಿದ್ದೆ. ನಾನು ಬಿಡ್ಲಿಲ್ಲ, ಕೈ ಹಿಡಿದು ಎಳ್ಕೊಂಡು ಬಂದೆ. ಒಳಗೆ ಸ್ಕ್ಯಾನಿಂಗ್ ನಡೀತಿದೆ. ಒಂದು ಗಂಟೆ ಆಯ್ತು, ಬಾಗಿಲು ತೆಗೆದಿಲ್ಲ.

ಒಳಗೆ ಹೋಗುವಾಗ ಅಂಗಿ ಬಿಚ್ಚಿ ನನ್ನ ಕೈಗೆ ಕೊಟ್ಟು, "ನಿಮ್ಮಪ್ಪನಿಗೂ ಯಾರಾದ್ರೂ ಹೀಗೆ ಹಲಗೆ ನೋಡಿ ಹೇಳಿದ್ರೆ ಮೂತ್ರಕೋಶದ ಕ್ಯಾನ್ಸರಲ್ಲಿ ಸಾಯ್ತಿರಲಿಲ್ವೇನೋ" ಅಂದ.

ನಾನು ಅಂಗಿ ಮಡಚಿದೆ.

ನೀನು "ಕೆಂಪು" ಅಂತ ನಗಿಸಿದ ಆ ವಾರ ಹಲಗೆ ಮೇಲೆ ಏಳು ದಿನವೂ ಹಸಿರು ಇತ್ತು, ಅಪ್ಪ. ಅಕ್ಷರ ನನ್ನದೇ.